ಬಂಡಿಯ ಹಿಂತುದಿ

ಒಬಿಹಿರೊ, ಜನವರಿ. ಬೆಳಗಿನ ಜಾವ ಮೂರೂವರೆ.
ಮೂಗಿನೊಳಗಿನ ಕೂದಲೂ ಗರಿಗಟ್ಟುವ ಚಳಿ.
ಒಂದೊಂದು ಟನ್ ತೂಗುವ ಕುದುರೆಗಳು ಉಸಿರು ಬಿಟ್ಟರೆ
ಲಾಯದ ಮುಂದೆ ಯಾರೋ ಹಂಡೆಗಟ್ಟಲೆ ಗಂಜಿ ಬಸಿದ ಹಾಗೆ ಹಬೆ.

ನಾನು ಲಾಯದ ಕೆಲಸದವಳು. ನಲವತ್ತೊಂದು ವರ್ಷದಿಂದ
ಹುಲ್ಲು, ಲದ್ದಿ, ಗೊರಸು ನನ್ನ ಪಾಲು.
ಕುದುರೆಯ ಹೊಟ್ಟೆಯಲ್ಲಿ ವಾಯು ತುಂಬಿದರೆ
ಕಿವಿಯಿಟ್ಟೇ ಹೇಳಬಲ್ಲೆ.

ಒಮ್ಮೆ ಕೇಳಿದ್ದೆ, ಇಪ್ಪತ್ತಾರರಲ್ಲಿ:
ಬಂಡಿ ಹತ್ತುತ್ತೇನೆ, ಲಗಾಮು ಹಿಡಿಯುತ್ತೇನೆ, ಲೈಸೆನ್ಸ್ ಕೊಡಿ.
ಬೇಡವೆನ್ನಲಿಲ್ಲ ಅವರು. ಮರ್ಯಾದಸ್ಥರು.
ಕುರ್ಚಿ ಕೊಟ್ಟರು, ಚಹಾ ಕೊಟ್ಟರು.
‘ಬಟ್ಟೆ ಬದಲಿಸಲು ಹೆಂಗಸರಿಗೆ ಕೋಣೆಯಿಲ್ಲವಲ್ಲ’ ಎಂದರು,
ಕೋಣೆಯೆಂಬುದು ಆಕಾಶದಿಂದ ಉದುರುವ ವಸ್ತುವೇನೋ ಎಂಬಂತೆ.
ಇಟ್ಟಿಗೆ ಇತ್ತು, ಗಾರೆ ಇತ್ತು. ಅದೇ ವರ್ಷ
ಜೂಜಿನ ಚೀಟಿ ಮಾರಲು ಹೊಸ ಕಿಟಕಿಗಳ ಸಾಲೇ ಎದ್ದಿತು.

ಕುರಾಶಿಗೆ ಫುಮಿನೊ ಬಂದದ್ದು ಹೋದ ವಸಂತದಲ್ಲಿ,
ನೆಮುರೊ ಕಡೆಯ ಹಾಲಿನವರ ಮಗಳು.
ಮುಂಗೈಯಲ್ಲಿ ಹಗ್ಗ ಉಜ್ಜಿದ ಕಲೆ,
ಮಾತು ಕಡಿಮೆ, ಊಟ ಜಾಸ್ತಿ.
ಕಾಯಿದೆ ಬದಲಾಗಿತ್ತು. ಕೋಣೆ ಮಾತ್ರ ಇನ್ನೂ ಉದುರಿರಲಿಲ್ಲ.
ಹಳೆಯ ಕೊರಳಪಟ್ಟಿಗಳ ಉಗ್ರಾಣದಲ್ಲಿ
ಮೊಳೆ ಹೊಡೆದು ಕನ್ನಡಿಯೊಂದು ತೂಗಿಸಿಕೊಟ್ಟೆ.
ಬೀಗದಕೈ ನನ್ನ ಸೊಂಟದಲ್ಲಿ.

ಇಲ್ಲಿನ ಓಟ ಓಟವಲ್ಲ.
ಇನ್ನೂರು ಮೀಟರು ಮರಳು, ನಡುವೆ ಎರಡು ದಿಬ್ಬ,
ಹಿಂದೆ ಏಳುನೂರು ಕಿಲೋ ಕಬ್ಬಿಣದ ಜಾರುಬಂಡಿ,
ಅದರ ಮೇಲೆ ನಿಂತ ಮನುಷ್ಯ.
ನೋಡುವವರು ಬೇಲಿಗುಂಟ ಜೊತೆಗೇ ನಡೆಯುತ್ತಾರೆ, ಅಷ್ಟು ನಿಧಾನ.
ಬೈಗುಳ ಕುದುರೆಗಿಂತ ಮೊದಲು ತಲುಪುತ್ತದೆ.

ಎರಡನೆಯ ದಿಬ್ಬದ ಬುಡದಲ್ಲಿ ಫುಮಿನೊ ನಿಲ್ಲಿಸಿದಳು.
ಎಲ್ಲರೂ ನಿಲ್ಲಿಸುತ್ತಾರೆ ಅಲ್ಲಿ, ಕುದುರೆಗೆ ಉಸಿರು ಕೂಡಲೆಂದು.
ಗಂಡಸು ನಿಲ್ಲಿಸಿದರೆ ಯುಕ್ತಿ.
‘ಹೆದರಿದಳು ನೋಡು,’ ಅಂದ
ನೂಡಲ್ಸು ಸೊರ್ರನೆ ಹೀರುತ್ತಿದ್ದವನೊಬ್ಬ.
ಒಂದು ಕುದುರೆ ಹತ್ತಿತು. ಎರಡು.
ಅವಳು ನಿಂತೇ ಇದ್ದಳು.
ಇವಾಕಾಜೆಯ ಪಕ್ಕೆ ಏರಿತು, ಇಳಿಯಿತು, ಏರಿತು.
ಬೇಲಿಯಾಚೆ ನಾನೂ ಎಣಿಸುತ್ತಿದ್ದೆ, ಒಂಬತ್ತು,
ಹತ್ತು, ಈಗಲೇ ಬೇಡ ಮಗಳೇ, ಹನ್ನೊಂದು,
ಬರಿಗೈಯಲ್ಲೇ ಲಗಾಮು ಸಡಿಲ ಬಿಟ್ಟೆ.
ಅಲ್ಲಿ ಅವಳೂ.

ದಿಬ್ಬದ ನೆತ್ತಿಯಲ್ಲಿ ಮಂಡಿಯೂರಿತು ಕುದುರೆ,
ಮರಳು ಕಚ್ಚಿತು, ಎದ್ದಿತು,
ಕಬ್ಬಿಣ ಕಿರುಗುಟ್ಟುತ್ತ ಬಂತು ಹಿಂದೆ.

ಹೊರಗಿನವರಿಗೆ ಗೊತ್ತಿರುವುದಿಲ್ಲ:
ಇಲ್ಲಿ ಮೂಗು ಗೆರೆ ಮುಟ್ಟಿದರೆ ಗೆಲುವಲ್ಲ.
ಕುದುರೆ ದಾಟಬೇಕು, ನಿಂತವರು ದಾಟಬೇಕು,
ಬಂಡಿಯ ಹಿಂತುದಿಯೂ ದಾಟಬೇಕು ಪೂರ್ತಿ.
ಗೆರೆಯ ಮೇಲೇ ಕೂತುಬಿಟ್ಟ ಬಂಡಿಗಳನ್ನು ಕಂಡಿದ್ದೇನೆ,
ಮೂಗು ಆಚೆ, ಬಾಲ ಈಚೆ.

ಅವಳದು ದಾಟಿತು, ಎರಡನೆಯದಾಗಿ.
ನೂಡಲ್ಸಿನವನು ಚೀಟಿ ಹರಿದೆಸೆದ.
ಅವಳೇ ಗೆಲ್ಲುತ್ತಾಳೆಂದು ಕಟ್ಟಿದ್ದನಂತೆ.

ಉಗ್ರಾಣದಲ್ಲಿ ಬೂಟು ಕಳಚುತ್ತ ಕೇಳಿದಳು:
‘ಎಷ್ಟನೇ ಉಸಿರಿಗೆ ಬಿಟ್ಟೆ ನಾನು?’
‘ಹನ್ನೊಂದು.’
‘ಹನ್ನೆರಡು ಬೇಕಿತ್ತು,’ ಅಂದಳು, ಕನ್ನಡಿಗೆ.
ನಲವತ್ತೊಂದು ವರ್ಷ ಎಣಿಸಿದವಳಿಗೆ
ಆ ಒಂದು ಹೊಳೆದಿರಲಿಲ್ಲ.

ಬೀಗದಕೈ ಸೊಂಟದಿಂದ ಬಿಚ್ಚಿ ಮೊಳೆಗೆ ಹಾಕಿದೆ.
ಏಪ್ರಿಲಿಗೆ ಇನ್ನೊಬ್ಬಳು ಬರುತ್ತಾಳಂತೆ.
ಹೊರಗೆ ಯಾರೋ ಹುಡುಗ ಲದ್ದಿ ಗುಡಿಸುತ್ತಿದ್ದ,
ನನ್ನ ಪೊರಕೆಯಲ್ಲಿ, ತಪ್ಪುತಪ್ಪಾಗಿ.