ಯಾರೂ ತೊಡದ ಬ್ಯಾಜು

ಮೂರು ತಿಂಗಳಿಗೊಮ್ಮೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರುತ್ತವೆ
ಮತ್ತಿಕೆರೆಯ ನಮ್ಮ ಲ್ಯಾಬಿಗೆ
ಎದೆಯ ಮೇಲಿಂದ ಬಿಚ್ಚಿದ ಬ್ಯಾಜುಗಳು.
ಕೆಲವಕ್ಕೆ ಡೆಟಾಲ್ ವಾಸನೆ, ಕೆಲವಕ್ಕೆ ಗ್ರೀಸು,
ಒಂದಕ್ಕೆ ಪ್ರತಿ ಸಲವೂ ಒಣಗಿದ ವಿಭೂತಿ.
ಒಳಗೆ ಕೋಟಿನ ಗುಂಡಿಯಗಲದ ಮೂರು ಬಿಳಿ ಬಿಲ್ಲೆ.
ಕಾಯಿಸಿದರೆ ಹೊಳೆಯುತ್ತವೆ, ಒಂದೇ ಒಂದು ಸಲ,
ಕುಡಿದದ್ದನ್ನೆಲ್ಲ ಬೆಳಕಾಗಿ ಕಕ್ಕಿ
ಬರಿದಾಗುತ್ತವೆ.
ಆ ಬೆಳಕನ್ನು ನಾನು ನೋಡಿಲ್ಲ. ಇಪ್ಪತ್ತಾರು ವರ್ಷದ ಸರ್ವೀಸು.
ನೋಡುವುದು ಯಂತ್ರ. ನನಗೆ ಸಿಗುವುದು ಅಂಕಿ.

ಪ್ರತಿ ಲಕೋಟೆಯಲ್ಲೂ ಒಂದು ಹೆಚ್ಚಿನ ಬ್ಯಾಜು, ಯಾರೂ ತೊಡದ್ದು.
ಗುಮಾಸ್ತರ ಡ್ರಾಯರಿನಲ್ಲಿ
ರಬ್ಬರ್ ಸ್ಟ್ಯಾಂಪು, ಗುಂಡುಸೂಜಿಗಳ ಜೊತೆ ಮಲಗಿದ್ದು ಬಂದದ್ದು.
ಅದೂ ಹೊಳೆಯುತ್ತದೆ.
ಗೋಡೆಯಿಂದ, ಆಕಾಶದಿಂದ,
ಮಕ್ಕಳು ಜಾರುವ ಲಾಲ್‌ಬಾಗಿನ ಬಂಡೆಯಂಥ ಕಲ್ಲಿನಿಂದ,
ನಾನು ಚಪಾತಿ ಲಟ್ಟಿಸುವ ಗ್ರಾನೈಟ್ ಕಟ್ಟೆಯಿಂದ
ಸದ್ದಿಲ್ಲದೆ ಬರುವ ಪಾಲು.
ಅದನ್ನು ಎಲ್ಲರ ಲೆಕ್ಕದಿಂದ ಕಳೆಯುತ್ತೇವೆ.
ಉಳಿದದ್ದು ಕೆಲಸದ ಪಾಲು.

ಮೊನ್ನೆ ರಾತ್ರಿ ಕರೆಂಟು ಹೋದಾಗ ಟೆರೇಸಿನ ಮೇಲೆ
ಕೆಳಮನೆಯ ತಿಮ್ಮರಾಯಪ್ಪ, ರಿಟೈರ್ಡ್ ಬಸ್ ಡ್ರೈವರು,
ಬೀಸಣಿಗೆ ನಿಲ್ಲಿಸಿ ಕೇಳಿದರು:
'ಒಂದೇ ಮಾತಲ್ಲಿ ಹೇಳಮ್ಮ, ಅಣು ಕರೆಂಟು ಸೇಫಾ?'

ಅಣುಸ್ಥಾವರದ ಲಕೋಟೆಗಳು ಬಲು ಸಾಧು, ಅಂದೆ.
ಸಾಲುಸಾಲಾಗಿ ಸೊನ್ನೆ.
ಸೊನ್ನೆ ಅಂದರೆ ಸೊನ್ನೆಯೇ ಅಲ್ಲ,
ನಮ್ಮ ಯಂತ್ರದ ಕಣ್ಣಿಗೆ ಬೀಳದಷ್ಟು.
'ಹಂಗಾದ್ರೆ ಸೇಫು' ಅಂದರು.
ನಾನು ಸಿಕಂದರನನ್ನು ನೆನೆಯುತ್ತಿದ್ದೆ.

ಸ್ಥಾವರದವನಲ್ಲ. ಪೀಣ್ಯದವನು.
ವೆಲ್ಡಿಂಗ್ ಬಿರುಕು ಹುಡುಕಲು
ಪೈಪುಗಳಿಗೆ ಗಾಮಾ ಕಿರಣ ಹಾಯಿಸುವವನು.
ಅವನ ಬಿಲ್ಲೆ ಹೊಳೆದ ದಿನ ಅಂಕಿ ಎಷ್ಟು ಉದ್ದವಿತ್ತೆಂದರೆ
ಯಂತ್ರ ಕೆಟ್ಟಿರಬೇಕೆಂದು ಅಂದುಕೊಂಡೆ.
ಪತ್ರ ಹಾಕಿದೆವು: ಬ್ಯಾಜನ್ನು ನೀವು ತೊಟ್ಟಿದ್ದು ನಿಜವೇ?
ಉತ್ತರ ಬರೆಯದೆ ತಾನೇ ಬಂದ.
ಚಪ್ಪಲಿ ಹೊರಗೆ ಬಿಟ್ಟು ನಿಂತ, ದೇವಸ್ಥಾನವೋ ದರ್ಗಾವೋ ಎಂಬಂತೆ.
'ತೊಟ್ಟಿದ್ದೆ ಮೇಡಂ. ಡಬ್ಬಿಯ ಕೊಂಡಿ ಕಚ್ಚಿಕೊಂಡಿತ್ತು.
ಕೈಯಲ್ಲೇ ಬಿಡಿಸಿದೆ.'
ಬೆರಳುಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ.
ಆಮೇಲೆ ಮೆಲ್ಲಗೆ: 'ಬೇರೆಯವರು ಏನಂತ ಬರೀತಾರೆ?'
ಅಂಗಿ ಗೂಟಕ್ಕೆ ಹಾಕಿದ್ದೆ, ಎಕ್ಸ್‌ರೇ ರೂಮಲ್ಲಿ ಮರೆತೆ ಅಂತ.
'ಓನರೂ ಹಂಗೇ ಬರಿ ಅಂದ್ರು.'

ಪೆನ್ನು ಕೇಳಿದ. ಕೊಟ್ಟೆ.
ಡಾಕ್ಟರ ಹತ್ತಿರ ಹೋಗು ಅಂದೆ, ವಿಳಾಸ ಬರೆದುಕೊಟ್ಟೆ.
ಏನು ಬರೆಯಬಾರದು ಅಂತ ಮಾತ್ರ ಅನ್ನಲಿಲ್ಲ.
ಮನೆಯಲ್ಲಿ ಅವನಿಗೆ ಎಷ್ಟು ಜನವೋ.
ವಾರದಲ್ಲಿ ಮೊಹರು ಬಿದ್ದ ಕಾಗದ ಬಂತು, ಗೂಟದ ಮೇಲಿತ್ತು ಎಂದು.
ಮೇಲಿನವರು ಓದಿದರು, ಒಪ್ಪಿದರು.
ಅವನ ಅಂಕಿಯ ಪಕ್ಕ ಚುಕ್ಕಿ ಗುರುತು ಹಾಕಿದವಳು ನಾನು.
ಚುಕ್ಕಿಯ ಅರ್ಥ ಪುಟದ ಕೆಳಗಿದೆ, ಸಣ್ಣಕ್ಷರದಲ್ಲಿ:
ಇದು ಮೈಗೆ ತಗುಲಿದ್ದಲ್ಲ.

ತಿಮ್ಮರಾಯಪ್ಪನವರಿಗೆ ಇಷ್ಟನ್ನೂ ಹೇಳಲಿಲ್ಲ.
ನನ್ನ ಯಂತ್ರ ಕಳೆದುಹೋದ ಮೂರು ತಿಂಗಳನ್ನು ಓದುತ್ತೆ, ಅಂದೆ,
ಬರಲಿರುವ ಒಂದು ಮಧ್ಯಾಹ್ನವನ್ನಲ್ಲ.
ಅವರಿಗೆ ಹಿಡಿಸಲಿಲ್ಲ.
'ಮೂವತ್ತೊಂದು ವರ್ಷ ಓಡಿಸಿದೀನಿ, ಒಂದು ನಾಯಿಗೂ ತಗುಲಿಸಿಲ್ಲ.
ದಿನಾ ಬೆಳಿಗ್ಗೆ ಡಿಪೋದಲ್ಲಿ ಬ್ರೇಕ್ ಒತ್ತಿ ನೋಡ್ತಿದ್ದೆ. ಅಷ್ಟೇ ಗುಟ್ಟು.'

ಒತ್ತಿ ನೋಡಿದೆ ಅಂತ ಬುಕ್ಕಲ್ಲಿ ಬರೀತಿದ್ದಿರಾ?
'ಬರೀದೆ? ಸೈನ್ ಹಾಕ್ತಿದ್ದೆ.'
ಲೇಟಾಗಿ, ಒತ್ತದೇ ಹೊರಟ ದಿನ?

ಬೀಸಣಿಗೆ ನಿಂತಿತು.
ಕತ್ತಲಲ್ಲಿ ಸ್ವಲ್ಪ ಹೊತ್ತಾದ ಮೇಲೆ ನಕ್ಕರು.
'ಅವತ್ತೂ ಹಾಕ್ತಿದ್ದೆ.'

ಅಷ್ಟರಲ್ಲಿ ಕರೆಂಟು ಬಂತು.
ಯಶವಂತಪುರದ ತನಕ ಕಿಟಕಿಗಳು ಒಂದೊಂದೇ ಹತ್ತಿದವು,
ಯಾವ ಬೆಳಕು ಎಲ್ಲಿಂದ ಬಂತೆಂದು ಅದರ ಮೇಲೆ ಬರೆದಿರಲಿಲ್ಲ.
ಕೆಳಗೆ ಅವರ ಮನೆಯ ಫ್ರಿಜ್ಜು ಗುಡುಗುಟ್ಟತೊಡಗಿತು.
ಹಾಲು ಕೆಟ್ಟಿರುತ್ತೆ ನೋಡಬೇಕು, ಎಂದು
ಅವರು ಮೆಟ್ಟಿಲಿಳಿದರು,
ಕಂಬಿ ಹಿಡಿದು, ಒಂದೊಂದನ್ನೇ ಕಾಲಲ್ಲಿ ಒತ್ತಿ ನೋಡುತ್ತಾ.