ಇಸ್ಟ್ರಗಲ್ಲು

ಖಾಸಿಂಬಿಯ ಬಾಯಿಗೆ ಆ ಪದ ಹತ್ತುವುದಿಲ್ಲ.
ಸಕಾರದ ಕೆಳಗೆ ಟ, ಅದರ ಮಗ್ಗುಲಿಗೆ ರ,
ಮೂರು ಜನ ಒಂದೇ ಸೈಕಲ್ಲಿನ ಮೇಲೆ
ರೈಲ್ವೆ ಸೇತುವೆ ಏರಿದ ಹಾಗೆ.
ಮೊದಲಿಗೊಂದು ಇ ಇಟ್ಟುಕೊಳ್ಳುತ್ತಾಳೆ, ಮೆಟ್ಟಿಲಿಗೆ:
ಇಸ್ಟ್ರಗಲ್ಲು.
ತಿದ್ದಲು ಹೋದೆ. ಬಿಟ್ಟೆ.
ಮೆಟ್ಟಿಲು ಕಿತ್ತರೆ ಒಳಗೆ ಬರುವುದು ಹೇಗೆ?

ಮಂಡಿಪೇಟೆಯ ಹಿಂದೆ, ದಾವಣಗೆರೆಯಲ್ಲಿ,
ನಿಂತುಹೋದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಾಳಿಗೆ.
ಗೋಡೆಗೆ ಮುಖ ಮಾಡಿದ ಎಂಟು ಮೆಷಿನ್ನು,
ನನಗೆ ಮುಖ ಮಾಡಿದ ಐದು ಹೆಂಗಸರು,
ಎಸ್ಸೆಸ್ಸೆಲ್ಸಿಗೆ ಹೊರಗಿನಿಂದ ಕಟ್ಟಿದವರು.
ಇವಳು ಅಂಗನವಾಡಿ ಸಹಾಯಕಿ, ಹದಿನಾಲ್ಕು ವರ್ಷ;
ಇಂಗ್ಲಿಷೊಂದು ದಾಟಿದರೆ ಕಾರ್ಯಕರ್ತೆ.
ನಾನು ಅತಿಥಿ ಉಪನ್ಯಾಸಕಿ. ಅತಿಥಿಗೆ
ಜೂನಿನಿಂದ ಸಂಬಳವಿಲ್ಲ. ಅದು ಪಾಠದಲ್ಲಿಲ್ಲ.

ಅರ್ಥ ಬರೆಸಿದೆ: ಹೋರಾಟ.
"ಹೋರಾಟ ಅಂದ್ರ ಹೈಸ್ಕೂಲ್ ಮೈದಾನದಾಗ
ಮೈಕು, ಶಾಮಿಯಾನ, ಆಮ್ಯಾಲೆ ಚಿತ್ರಾನ್ನದ ಪೊಟ್ಟಣ.
ಇಲ್ಲಿ ಪುಸ್ತಕದಾಗ ಮುದುಕ ಬರೇ
ಅಂಗಿ ಗುಂಡಿ ಹಾಕ್ಕೋತಾನಲ್ರಿ."

ಹೊಡೆದು ಹಾಕಿದೆ. ಒದ್ದಾಟ?
ಅದು ಜ್ವರದ ಕೂಸಿನದು, ದಡಕ್ಕೆ ಬಿದ್ದ ಮೀನಿನದು.
ಪರದಾಟ ಸಿಲಿಂಡರಿಗೆ, ಚಿಲ್ಲರೆಗೆ.
ಪೇಚಾಟಕ್ಕೆ ನೋಡುವವರು ಬೇಕು.
ಸೆಣಸಾಟಕ್ಕೆ ಗರಡಿ, ಕೆಮ್ಮಣ್ಣು.
ತಿಣುಕಾಟ ಅಂದದ್ದೇ ತಡ, ಹಿಂದಿನ ಬೆಂಚು ನಕ್ಕಿತು.
ಎಲ್ಲದರ ಬಾಲಕ್ಕೂ ಆಟ ಅಂತ ಕಟ್ಟಿದವರು ಯಾರೋ,
ಆಡಿದವರಂತೂ ಅಲ್ಲ.

"ಏಗೋದು ಅನ್ರಿ ಮೇಡಂ.
ಗುಂಡಿ ಜೊತಿ ಏಗ್ತಾನ."
ಏಗು.
ಎರಡೇ ಅಕ್ಷರ. ಒತ್ತಿಲ್ಲ.
ಬೋರ್ಡಿನ ಮೇಲೆ ಬರೆದರೆ
ಏನೂ ಆಗಿಯೇ ಇಲ್ಲವೆಂಬಂತೆ ಕೂತಿತು.

ಹುಮ್ಮಸ್ಸಿನಲ್ಲಿ ಉದಾಹರಣೆ ಕೊಟ್ಟೆ:
ಅಕ್ಕಿ ಕಾದ ಮರಳಲ್ಲಿ ಏಗಿ ಏಗಿ
ಮಂಡಕ್ಕಿಯಾಗಿ ಅರಳುತ್ತದೆ.
ನನಗೇ ಚೆಂದ ಅನಿಸಿತು.
"ಅಕ್ಕಿ ಎಲ್ಲಿ ಏಗ್ತತಿ?" ಖಾಸಿಂಬಿ ಅಂದಳು.
"ಚಟ್ ಅಂದ್ರ ಅದರದು ಮುಗೀತು.
ಏಗೋದು ಜಾಲರಿ ಹಿಡಿದಾಕಿ."
ಮುಂಗೈ ಮೇಲಿನದನ್ನು ತೋರಿಸಲಿಲ್ಲ;
ತೋಳು ಎಳೆದುಕೊಂಡಳು.

ಆಮೇಲೆ ಬಳಕೆ. ಬಿಟ್ಟ ಸ್ಥಳ ತುಂಬಿರಿ.
ಉಸಿರಿಗೆ ಫಾರ್. ಏಳಲಿಕ್ಕೆ ಟು.
ಕರೆಂಟಿಗೆ ಅಗೇನ್ಸ್ಟ್.
"ಕರೆಂಟ್ ಹೋದಾಗೋ, ಬಿಲ್ಲು ಬಂದಾಗೋ?"
ಹೊಳೆಯ ಸೆಳವು ಅಂತ ತಿಳಿಸಿದೆ.
ಬರೆದುಕೊಂಡಳು, ನಂಬದೆ.

ಸ್ವಂತ ವಾಕ್ಯ ತಂದು ತೋರಿಸಿದಳು:
ಐ ಸ್ಟ್ರಗಲ್ ವಿತ್ ಮೈ ಹಸ್ಬೆಂಡ್.
ಅವನ ಮೇಲೋ, ಅವನ ಸಂಗಡವೋ,
ಬಿಡಿಸಿ ಬರಿ, ಅಂದೆ.
"ವಿತ್ ಅಂದ್ರ ಜೊತಿ ಅಂತ ನೀವೇ ಹೇಳೀರಿ.
ಮೊನ್ನೆ ರೇಷನ್ ಕಾರ್ಡಿನ ಕ್ಯೂದಾಗ
ನಾನೂ ಅವನೂ ಜೊತಿಗೆ ಏಗಿದ್ವಿ.
ಮನೀಗೆ ಬಂದು ಅವನ ಜೊತಿ ನಾನು.
ಎಲ್ಲಿಂದ ಬಿಡಿಸ್ಲಿ?"

ಕೆಂಪು ಪೆನ್ನು ಗಾಳಿಯಲ್ಲೇ ನಿಂತಿತು.
ಜಿ ಒಂದು ಕಮ್ಮಿ ಇತ್ತು;
ಅದಷ್ಟು ಸೇರಿಸಿ ಕೊಟ್ಟೆ.

ಒಂಬತ್ತಕ್ಕೆ ಬೀಗ. ಕೆಳಗಿನ ಶಟರು
ಎಂದಿನಂತೆ ಅರ್ಧಕ್ಕೆ ಕಚ್ಚಿಕೊಂಡಿತು.
ಭಟ್ಟಿ ಕಡೆಯಿಂದ ಟೈರು ಸುಟ್ಟ ವಾಸನೆ.
ಆ ತುದಿಗೆ ಅವಳು, ಈ ತುದಿಗೆ ನಾನು,
ಬಾವಲಿಗಳ ಹಾಗೆ ಜೋತುಬಿದ್ದೆವು.
"ಈಗ ಹೇಳ್ರಿ ಮೇಡಂ, ಇದು ಯಾವ ವಿತ್ತು?"

ಹೇಳಲು ಉಸಿರಿರಲಿಲ್ಲ.
ನೆಲಕ್ಕಿನ್ನೂ ನಾಲ್ಕು ಬೆರಳು ಬಾಕಿಯಿತ್ತು.