ತಿಂಡಿ

ಮೈಸೂರು ಕಡೆಯಿಂದ ಬಂದ ಹೊಸ ಡಾಕ್ಟರು
ಮುಂಜಾನೆ ರೌಂಡಿನ್ಯಾಗ ಹದಿನಾಕನೇ ಕಾಟಿಗೆ ನಿಂತು
ನಕ್ಕೋಂತ ಕೇಳಿದ್ರು: 'ಅಜ್ಜಿ, ತಿಂಡಿ ಆಯ್ತಾ?'
ಮುಳಗುಂದದ ಫಕ್ಕೀರವ್ವ ಬೆರಳು ಅಗಲಿಸಿ ತೋರಿಸಿದಳು:
'ಬಾಳ ಐತೋ ಯಪ್ಪಾ. ಹೊತ್ತು ಮುಳುಗಿದ್ರ ಸಾಕು,
ಹಾಸಿಗ್ಯಾಗ ಜೀವಾ ಹಿಂಡತೈತಿ.'

ವಾರ್ಡೆಲ್ಲಾ ನಕ್ಕಿತು. ನಾನೂ ನಕ್ಕೆ.
ಡಾಕ್ಟರ ನಗು ಅಲ್ಲೇ ನಿಂತಿತು.
ಬೆರಳಿನ ಸಂದಿ, ಮುಂಗೈ, ಹೊಕ್ಕಳದ ಸುತ್ತ,
ಹಸಿರು ಬಳಿ ಸರಿಸಿದ್ರ
ಸೂಜಿ ಮೊನಿಲೆ ಕೊರದಂಗ ಒಂದು ಗೀರು.
ಹುಳ ಕಣ್ಣಿಗೆ ಕಾಣೂದುಲ್ಲ,
ಅದು ಹೋದ ದಾರಿ ಕಾಣತೈತಿ.

ಹನ್ನೆರಡನೇ ಕಾಟು. ಹದಿನೈದು. ಹದಿನೇಳರ ಬಾಣಂತಿ,
ಆಕಿ ಕೂಸಿನ ಅಂಗಾಲು.
ಸಂಜಿಗೆ ಒಂಬತ್ತು ಮಂದಿ.

ಯಾರು ತಂದ್ರು?
ನನ್ನ ಕಣ್ಣು ಹುಸೇನಬಿ ಮ್ಯಾಲ ಹೋತು.
ಮಗ್ಗಲಾ ಹೊರಳಿಸಾಕಿ, ಚಾದರ ಬದಲಿ ಮಾಡಾಕಿ,
ಹೋದ ವಾರ ಕಂಬಕ್ಕ ಬೆನ್ನು ತಿಕ್ಕೋತ ನಿಂತಿದ್ದಳು.
'ಎಲ್ಲಾ ನಿನ್ನ ಕೈಲೇ ಹಬ್ಬೈತಿ' ಅಂದೆ,
ಮಂದಿ ಮುಂದ, ಜೋರಾಗಿ.
ಆಕಿ ಬಕೀಟು ಕೆಳಗಿಟ್ಟು ನನ್ನ ನೋಡಿದಳು:
'ತಿಂಡಿ ನನಗಲ್ರೀ ಸಿಸ್ಟರ್, ನಿಮಗೈತಿ.'

ಮರುದಿನ ಎಲ್ಲಾರೂ ಕೈ ಚಾಚಬೇಕಾತು,
ರೋಗಿಗಳು, ನೋಡಿಕೊಳ್ಳಾಕ ಬಂದವರು, ನಾವು.
ಹುಸೇನಬಿ ಕೈ ನೋಡಿದ್ರು. ಬೆನ್ನು ನೋಡಿದ್ರು.
ಬರೇ ಬೆವರುಸಾಲೆ.
'ನಿಮ್ಮ ವಾಚ್ ತೆಗೀರಿ' ಅಂದ್ರು ನನಗ.

ಪಟ್ಟಿ ಕೆಳಗ, ನಾಡಿ ಬಡಿಯೂ ಜಾಗದಾಗ
ಅದೇ ಸಣ್ಣ ಗೀರು.
ಎಷ್ಟು ದಿನದಿಂದ ಕೆರಕೊಂಡಿದ್ದೆ,
ಪಟ್ಟಿ ಬಿಗಿ ಆಗೈತಿ ಅನಕೊಂಡು?
ಎಷ್ಟು ಮಂದಿ ನಾಡಿ ಹಿಡದಿದ್ದೆ,
ಇದೇ ಕೈಲೆ, ಹಾಸಿಗಿಂದ ಹಾಸಿಗಿಗೆ?

ಆವತ್ತು ರಾತ್ರಿ ಒಂದೇ ಹೊತ್ತಿಗೆ ಎಲ್ಲಾರಿಗೂ ಮುಲಾಮು.
ಒಬ್ಬರು ಬಿಟ್ರೂ ಮತ್ತ ಮೊದಲಿಂದ.
ಕುತ್ತಿಗಿಂದ ಅಂಗಾಲಿನ ತನಕ,
ಕತ್ತರಿಸಿದ ಉಗುರಿನ ಸಂದ್ಯಾಗ,
ಉಡದಾರದ ಕೆಳಗ, ಮಡಿಕಿ ಮಡಿಕಿಗೆ.
ಕೂಸಿಗೆ ನೆತ್ತಿಗೂ ಸವರಿ, ಕೈಗೆ ಕಾಲ್ಚೀಲ ಕಟ್ಟಿದಿವಿ,
ಬಾಯಿಗೆ ಇಟಗೋಬಾರದಂತ.
'ಬಳಿ ಒಡೀಬ್ಯಾಡ್ರೇ' ಅಂತ ಫಕ್ಕೀರವ್ವ ಚೀರಿದಳು,
'ನನ್ನ ಗಂಡ ಕೆಳಗ ಚಾ ಕುಡಿಯಾಕತ್ತಾನ!'
ಹುಸೇನಬಿ ಸಾಬೂನು ಹಚ್ಚಿ
ಒಂದೊಂದ ಬಳಿ ಜಾರಿಸಿದಳು, ಒಂದೂ ಸೀಳಲಿಲ್ಲ.
ಆ ಗಂಡನ್ನೂ ಕರೆಸಿದಿವಿ. ಚಾ ಅರ್ಧಕ್ಕ ಬಿಟ್ಟು ಬಂದ.

ಎಲ್ಲಾರದೂ ಮುಗೀತು. ನನ್ನ ಬೆನ್ನು ಉಳೀತು.
ಸ್ಟೋರ್‌ರೂಮಿನ್ಯಾಗ ಲೈಟು ಹಚ್ಚಲಿಲ್ಲ.
ಗೋಡಿ ಕಡೆ ಮುಖಾ ಮಾಡಿ ನಿಂತೆ.
ಕೈಗವಸಿನ ತಣ್ಣಗಿನ ಬೆರಳು
ಎಲುಬು ಎಣಿಸಿಧಂಗ ಇಳೀತು.
ಆಕಿ ಮಾತಾಡಲಿಲ್ಲ.
ಒಂದು ಚೂರೂ ಜಾಗಾ ಬಿಡಲಿಲ್ಲ.

ಬೆಳಗಾದ್ರ ಕುದಿಯೂ ಹಂಡೇದ ಮುಂದ ಮಡಿವಾಳಪ್ಪ,
ಗದಗಿನ ಸುಡು ಬಿಸಲಿಗೆ ಹಗ್ಗದ ತುಂಬ ಚಾದರ,
ತೊಳಿಯಾಕ ಬಾರದ ಕಂಬಳಿ ಚೀಲದಾಗ ಬಾಯಿ ಕಟ್ಟಿಸಿಕೊಂಡು.
ಎಂಟನೇ ದಿನ ಇನ್ನೊಮ್ಮೆ ಮುಲಾಮು.

'ಹುಳ ಸತ್ತಾವ' ಅಂದ್ರು ಡಾಕ್ಟರು,
'ಕೆರೆತ ಇನ್ನೂ ಎರಡು ಮೂರು ವಾರ ಇರುತ್ತೆ.
ಹೆದರಬೇಡಿ. ಚರ್ಮ ಮರೆಯೋಕೆ ಹೊತ್ತು ಬೇಕು.'
ಅವರ ಬಾಯಾಗ ಈಗ 'ಸತ್ತಾವ' ಬಂದೈತಿ,
ತಿಂಡಿ ಅನ್ನಾಕ ಮಾತ್ರ ಇನ್ನೂ ಅಂಜತಾರ.

ಇಪ್ಪತ್ತನೇ ದಿನ ನಾ ವಾಚನ್ನ ಎದಿ ಮ್ಯಾಲ ಪಿನ್ನು ಹಾಕ್ಕೊಂಡು
ಹದಿನಾಕರ ನಾಡಿ ಎಣಿಸಾಕತ್ತಿದ್ದೆ.
ಹುಸೇನಬಿ ಬಕೀಟು ಹಿಡಕೊಂಡು ದಾಟಿ ಹೋಗಾಕಿ
ತಿರುಗಿ ನಿಂತು ಕೇಳಿದಳು:
'ತಿಂಡಿ ಹೋತೇನ್ರೀ, ಸಿಸ್ಟರ್?'

ಎಣಿಕಿ ತಪ್ಪಿತು.
ಫಕ್ಕೀರವ್ವನ ಕೈ ಬಿಡದಂಗ ಹಿಡಕೊಂಡು
ಮತ್ತ ಒಂದರಿಂದ ಸುರು ಮಾಡಿದೆ.